ಮಲಗುವ ಕೋಣೆಗೆ ಯಾವ ದೀಪ, ಎಲ್ಲಿ, ಎಷ್ಟು? ಕಲಬುರಗಿಯ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಮನೆಗಳ ವೈರಿಂಗ್ ಮತ್ತು ದೀಪದ ಕೆಲಸ ನನ್ನ ಕಸುಬು. ಕಲಬುರಗಿಯ ಜೇವರ್ಗಿ ರಸ್ತೆಯ ಹೊಸ ಬಡಾವಣೆಗಳಲ್ಲೂ ಶಹಾಬಜಾರದ ಹಳೆಯ ಮಾಳಿಗೆ ಮನೆಗಳಲ್ಲೂ ಕೆಲಸ ಮಾಡಿದ್ದೇನೆ. ಆಗೀಗ ಬೀದರ, ಯಾದಗಿರಿಗೂ ಹೋಗುತ್ತೇನೆ. ಪಡಸಾಲೆಯ ಒಂದು ತೂಗುದೀಪಕ್ಕಾಗಿ ನಾಲ್ಕು ಅಂಗಡಿ ತಿರುಗುವವರು ಮಲಗುವ ಕೋಣೆಯ ಮಾತು ಬಂದಾಗ ‘ಒಂದು ಟ್ಯೂಬ್, ಒಂದು ಝೀರೋ ಬಲ್ಬ್ ಇದ್ದರೆ ಆಯಿತು’ ಎಂದು ಮುಗಿಸಿಬಿಡುತ್ತಾರೆ. ಮನೆ ಹೊಕ್ಕ ಆರು ತಿಂಗಳಿಗೆ ಅವರೇ ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಒಂದು ಟ್ಯೂಬ್‌ಲೈಟ್ ಇದೆ, ಕೋಣೆ ತುಂಬ ಬೆಳಕಿದೆ. ಇನ್ನೇನು ಬೇಕು?

ಬೆಳಕು ಎಷ್ಟಿದೆ ಎಂದು ಎಲ್ಲರೂ ನೋಡುತ್ತಾರೆ, ಎಲ್ಲಿಂದ ಬರುತ್ತಿದೆ ಎಂದು ನೋಡುವುದಿಲ್ಲ. 20 ವಾಟ್‌ನ ಎಲ್‌ಇಡಿ ಟ್ಯೂಬ್ ಸುಮಾರು 2000 ಲ್ಯೂಮೆನ್ ಬೆಳಕು ಕೊಡುತ್ತದೆ. ಸಾಧಾರಣ ಕೋಣೆಗೆ ಅಷ್ಟು ಧಾರಾಳವಾಯಿತು. ಆದರೆ ಆ ಕೋಣೆಯಲ್ಲಿ ನಾವು ಹೆಚ್ಚು ಹೊತ್ತು ಇರುವುದು ಅಂಗಾತ ಮಲಗಿಕೊಂಡು, ಇಲ್ಲವೇ ದಿಂಬಿಗೆ ಒರಗಿಕೊಂಡು. ದೀಪದ ಜಾಗವನ್ನು ಮಾತ್ರ ನಿಂತುಕೊಂಡು ಗೊತ್ತು ಮಾಡುತ್ತೇವೆ.

ಇದು ನನಗೆ ಗೊತ್ತಾದದ್ದು ನನ್ನ ಅವ್ವನ ಕೋಣೆಯಲ್ಲಿ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಅವ್ವ ಸಂಜೆಯಾದರೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮಲಗುತ್ತಿದ್ದಳು. ನಿದ್ದೆ ಬಂದಿದೆ ಎಂದು ನಾವು ಸುಮ್ಮನಿರುತ್ತಿದ್ದೆವು. ಒಂದು ದಿನ ಮಂಚದ ಕೆಳಗೆ ಉರುಳಿದ ಮಾತ್ರೆಯ ಡಬ್ಬಿ ಹುಡುಕಿ, ದಣಿವಿಗೆ ಅವಳ ಪಕ್ಕದಲ್ಲೇ ಹಾಗೆಯೇ ಒರಗಿದೆ. ಎದುರು ಗೋಡೆಯ ಟ್ಯೂಬ್ ನೇರ ಕಣ್ಣಿಗೆ ಬಂದು ಚುಚ್ಚಿತು. ಅದನ್ನು ಅಲ್ಲಿ ಹಾಕಿದವನು ನಾನೇ. ಅವಳು ಮಲಗಿರಲಿಲ್ಲ, ಬೆಳಕು ತಾಳಲಾರದೆ ಕಣ್ಣು ಮುಚ್ಚಿಕೊಂಡಿದ್ದಳು. ಅಂದಿನಿಂದ ಯಾವ ಮನೆಗೆ ಹೋದರೂ ಮೊದಲು ಮಂಚದ ಮೇಲೆ, ಮಂಚವಿಲ್ಲದಿದ್ದರೆ ನೆಲದ ಮೇಲೆ ಮಲಗಿ ಛಾವಣಿ ನೋಡುತ್ತೇನೆ. ಈ ಪುಟದ ಬಹುಪಾಲು ಉತ್ತರಗಳು ಹುಟ್ಟಿದ್ದು ಹಾಗೆ ಮಲಗಿ ನೋಡಿದ್ದರಿಂದ.

ಪದರ ಪದರವಾಗಿ ಬೆಳಕು ಹಾಕಬೇಕು ಎನ್ನುತ್ತಾರೆ. ಹಾಗೆಂದರೇನು?

ಒಂದೇ ದೀಪದಿಂದ ಎಲ್ಲ ಕೆಲಸ ಮಾಡಿಸದೆ, ಒಂದೊಂದು ಹೊತ್ತಿಗೆ ಒಂದೊಂದು ಬೆಳಕು ಇಡುವುದು. ಕೋಣೆ ತುಂಬ ಹರಡುವ ಬೆಳಕು ಮೊದಲ ಪದರ: ಕಸ ಗುಡಿಸಲು, ಹಾಸಿಗೆ ಕೊಡವಲು, ಮಕ್ಕಳ ಬಟ್ಟೆ ಮಡಚಲು. ಎರಡನೆಯದು ಕೆಲಸದ ಬೆಳಕು: ದಿಂಬಿನ ಪಕ್ಕ ಓದಲು, ಕನ್ನಡಿಯ ಮುಂದೆ ತಲೆ ಬಾಚಲು, ಅಲಮಾರಿಯಲ್ಲಿ ಸೀರೆ ಹುಡುಕಲು. ಮೂರನೆಯದು ಮೆರುಗಿನ ಬೆಳಕು: ಒಂದು ಗೋಡೆ, ಒಂದು ಚಿತ್ರ, ಒಂದು ಗೂಡು ಕಾಣುವಂತೆ ಮಾಡಿ ಉಳಿದ ಕೋಣೆಯನ್ನು ಮಬ್ಬಿನಲ್ಲಿ ಬಿಡುವುದು. ಇವುಗಳ ಜೊತೆಗೆ ನಾನು ರಾತ್ರಿ ದೀಪವನ್ನೂ ಒಂದು ಪದರವೆಂದೇ ಎಣಿಸುತ್ತೇನೆ.

ಒಂದು ಮಾತು ಕಟ್ಟುನಿಟ್ಟು. ಪ್ರತಿ ಪದರಕ್ಕೂ ಬೇರೆ ಸ್ವಿಚ್ ಇರಲೇಬೇಕು. ಹತ್ತು ದೀಪಗಳನ್ನು ಒಂದೇ ಸ್ವಿಚ್ಚಿಗೆ ಕಟ್ಟಿದರೆ ಅದು ದೊಡ್ಡದೊಂದು ಟ್ಯೂಬ್‌ಲೈಟ್ ಆಯಿತು, ಅಷ್ಟೇ.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಹಗಲಿಗೆ ಬೆಳಕಿಂಡಿ, ಗೋಡೆಯ ಗೂಡಿನಲ್ಲಿ ಎಣ್ಣೆ ದೀಪ, ಓದುವ ಹುಡುಗನ ಮುಂದೆ ಚಿಮಣಿ, ಹಿತ್ತಲಿಗೆ ಹೋಗುವವರ ಕೈಯಲ್ಲಿ ಕಂದೀಲು. ಬೇಕಾದಲ್ಲಿ ಬೇಕಾದಷ್ಟು. ವಿದ್ಯುತ್ ಬಂದ ಮೇಲೆ ಅವೆಲ್ಲವನ್ನೂ ಗೋಡೆಯ ಮೇಲಿನ ಒಂದೇ ಪಟ್ಟಿಗೆ ವಹಿಸಿಬಿಟ್ಟೆವು.

ದೀಪ ಕಾಣದೆ ಬೆಳಕು ಮಾತ್ರ ಕಾಣಬೇಕು ಎನ್ನುತ್ತೀರಿ. ಅದು ಸಾಧ್ಯವೇ?

ಸಾಧ್ಯ. ನೋಡಬೇಕೆಂದರೆ ನಮ್ಮ ಕೋಟೆಯೊಳಗಿನ ಜಾಮಾ ಮಸೀದಿಗೆ ಮಧ್ಯಾಹ್ನದ ಹೊತ್ತು ಹೋಗಿ ಬನ್ನಿ. 1367ರ ಕಟ್ಟಡ. ಮಸೀದಿಗಳಲ್ಲಿ ಸಾಮಾನ್ಯವಾಗಿರುವ ತೆರೆದ ಅಂಗಳ ಇಲ್ಲಿಲ್ಲ, ಇಡೀ ಜಾಗಕ್ಕೆ ಗುಮ್ಮಟಗಳ ಹೊದಿಕೆ ಇದೆ. ಆದರೂ ಒಳಗೆ ಕತ್ತಲೆಯಿಲ್ಲ. ಬದಿಯ ಅಗಲವಾದ ಕಮಾನುಗಳಿಂದ ಬಂದ ಬಿಸಿಲು ನೆಲಕ್ಕೆ ಬಡಿದು, ಮೇಲೆದ್ದು, ಗುಮ್ಮಟದ ಒಳಮೈಯನ್ನು ಮೆಲ್ಲಗೆ ಬೆಳಗುತ್ತದೆ. ಹೊರಗಿನ ಉರಿ ಬಿಸಿಲಿನಿಂದ ಒಳಗೆ ಬಂದ ಕಣ್ಣಿಗೆ ಹಿತವಾಗುತ್ತದೆ. ಮಲಗುವ ಕೋಣೆಯಲ್ಲೂ ಇದೇ ಸೂತ್ರ: ದೀಪವನ್ನು ಗೋಡೆಗೋ ಛಾವಣಿಗೋ ಮುಖ ಮಾಡಿಸಿ, ಅಲ್ಲಿ ಬಡಿದು ಹಿಂದಿರುಗಿದ ಬೆಳಕನ್ನು ಬಳಸುವುದು. ಛಾವಣಿ ಬಿಳಿಯಿದ್ದರೆ ಕೊಟ್ಟ ಬೆಳಕಿನ ಬಹುಪಾಲು ವಾಪಸ್ ಬರುತ್ತದೆ.

ನಮ್ಮ ಕೋಣೆ ಹತ್ತು ಅಡಿಗೆ ಹನ್ನೆರಡು. ಎಷ್ಟು ವಾಟ್ ಬೇಕು?

ವಾಟ್ ಎಂದರೆ ದೀಪ ತಿನ್ನುವ ವಿದ್ಯುತ್ತು. ಅದು ಕೊಡುವ ಬೆಳಕಿನ ಲೆಕ್ಕ ಲ್ಯೂಮೆನ್‌ನಲ್ಲಿದೆ. ಡಬ್ಬಿಯ ಮೇಲೆ ಎರಡೂ ಬರೆದಿರುತ್ತದೆ. ಒಳ್ಳೆಯ ಎಲ್‌ಇಡಿ ಒಂದು ವಾಟ್‌ಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ.

ನಿಮ್ಮ ಕೋಣೆ 120 ಚದರ ಅಡಿ, ಅಂದರೆ ಸುಮಾರು 11 ಚದರ ಮೀಟರ್. ಹರಡು ಬೆಳಕಿಗೆ ಪ್ರತಿ ಚದರ ಮೀಟರಿಗೆ 100 ಲ್ಯೂಮೆನ್ ತಲುಪಿದರೆ ಸಾಕು. ದೀಪದಿಂದ ಹೊರಟದ್ದರಲ್ಲಿ ಅರ್ಧದಷ್ಟನ್ನು ಗೋಡೆ, ನೆಲ, ಮುಚ್ಚಳಗಳು ನುಂಗುತ್ತವೆ ಎಂದು ಹಿಡಿದರೆ ಒಟ್ಟು 2000 ಲ್ಯೂಮೆನ್ ಆಸುಪಾಸು. 6 ವಾಟ್‌ನ ನಾಲ್ಕು ಡೌನ್‌ಲೈಟ್ (ಛಾವಣಿಯಲ್ಲಿ ಕೂರಿಸಿ ಕೆಳಮುಖ ಮಾಡಿದ ಚಿಕ್ಕ ದೀಪ), ಅಥವಾ 20 ವಾಟ್‌ನ ಒಂದು ಸೀಲಿಂಗ್ ಲೈಟ್. ಓದುವ ದೀಪಕ್ಕೆ ಬೇರೆಯಾಗಿ ತಲಾ 400 ಲ್ಯೂಮೆನ್.

ನೆಲ ಶಹಾಬಾದ್ ಫರಸಿಯದಾಗಿ, ಗೋಡೆಗೆ ಗಾಢ ಬಣ್ಣವಿದ್ದರೆ ಕಾಲು ಭಾಗ ಹೆಚ್ಚಿಗೆ ಹಿಡಿಯಿರಿ. ಬೂದು ಕಲ್ಲು ಬೆಳಕನ್ನು ಕುಡಿಯುತ್ತದೆ.

ಬಿಳಿ ಬೆಳಕು ಒಳ್ಳೆಯದೋ ಹಳದಿ ಬೆಳಕು ಒಳ್ಳೆಯದೋ?

ರಾತ್ರಿಯ ಕೋಣೆಗೆ ಹಳದಿ. ಇದರಲ್ಲಿ ನನಗೆ ಸಂಶಯವಿಲ್ಲ.

ಡಬ್ಬಿಯ ಮೇಲೆ ಕೆಲ್ವಿನ್ ಎಂಬ ಅಳತೆ ನೋಡಿ. 2700ರಿಂದ 3000 ಇದ್ದರೆ ಅಂಗಡಿಯವರು ‘ವಾರ್ಮ್ ವೈಟ್’ ಎನ್ನುವ ಹಳದಿ ಬೆಳಕು. 4000 ‘ನ್ಯಾಚುರಲ್ ವೈಟ್’. 6500 ‘ಕೂಲ್ ಡೇಲೈಟ್’, ಅಂದರೆ ನೀಲಿ ಬೆರೆತ ಬಿಳಿ. ನಮ್ಮ ಕಡೆ ಏನೂ ಹೇಳದೆ ಬಲ್ಬ್ ಕೇಳಿದರೆ ಕೈಗೆ ಬರುವುದು ಈ 6500. ಬಿಳಿ ಎಲ್‌ಇಡಿಯ ಹೊಟ್ಟೆಯಲ್ಲಿರುವುದು ನೀಲಿ ದೀಪವೇ. ಅದನ್ನು ಕಂಡುಹಿಡಿದ ಮೂವರು ಜಪಾನ್ ಮೂಲದ ವಿಜ್ಞಾನಿಗಳಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ಆ ನೀಲಿಯ ಮೇಲೆ ಹಳದಿ ಪುಡಿಯ ಲೇಪ ಹಾಕಿ ಬಿಳಿ ಮಾಡುತ್ತಾರೆ. ಹಳದಿ ದೀಪದಲ್ಲಿ ನೀಲಿಯ ಪಾಲು ಕಡಿಮೆ. ನಮ್ಮ ಕಣ್ಣಿನಲ್ಲಿ ಹಗಲು ರಾತ್ರಿಯನ್ನು ಗುರುತಿಸುವ ಕೋಶಗಳಿವೆ, ಅವು ಹೆಚ್ಚಾಗಿ ಎಚ್ಚರಗೊಳ್ಳುವುದು ನೀಲಿ ಬೆಳಕಿಗೆ. ಮಲಗುವ ಹೊತ್ತಿಗೆ ನೀಲಿ ಬೆಳಕು ಕಣ್ಣಿಗೆ ಬಿದ್ದರೆ ನಿದ್ದೆ ತರುವ ಮೆಲಟೋನಿನ್ ಸ್ರವಿಸುವುದು ತಡವಾಗುತ್ತದೆ.

‘ಹಳದಿ ದೀಪ ಹಾಕಿದರೆ ಸೆಖೆಯಾಗುತ್ತದೆ’ ಎಂದು ಬೇಸಿಗೆಯಲ್ಲಿ ಬಹಳ ಜನ ಹೇಳುತ್ತಾರೆ. ಹಳೆಯ ತಂತಿ ಬಲ್ಬಿನ ನೆನಪು ಅದು. ಆ 60 ವಾಟ್‌ನ ಬಲ್ಬ್ ತಿಂದ ವಿದ್ಯುತ್ತಿನಲ್ಲಿ ನೂರಕ್ಕೆ 90 ಪಾಲಿಗಿಂತ ಹೆಚ್ಚನ್ನು ಶಾಖ ಮಾಡಿ ಬಿಡುತ್ತಿತ್ತು. ಈಗ 9 ವಾಟ್‌ನ ಹಳದಿಯೂ 9 ವಾಟ್‌ನ ಬಿಳಿಯೂ ಕೋಣೆಗೆ ಕೊಡುವ ಶಾಖ ಒಂದೇ. ಹಳದಿ ಕಂಡರೆ ಮನಸ್ಸಿಗೆ ಬಿಸಿ ಅನ್ನಿಸುವುದು ನಿಜ. ಮೇ ತಿಂಗಳಲ್ಲಿ 43 ಡಿಗ್ರಿ ಏರುವ ಊರಿನಲ್ಲಿ ಆ ಅನಿಸಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಅಂಥವರಿಗೆ ಹರಡು ಬೆಳಕನ್ನು 4000 ಕೆಲ್ವಿನ್ ಇಟ್ಟು, ದಿಂಬಿನ ಪಕ್ಕದ ದೀಪ ಮತ್ತು ರಾತ್ರಿ ದೀಪಗಳನ್ನು ಹಳದಿ ಮಾಡಿಕೊಡುತ್ತೇನೆ. ಸ್ವಿಚ್ ಒಮ್ಮೆ ಆರಿಸಿ ಹಾಕಿದರೆ ಬಣ್ಣ ಬದಲಾಗುವ ಮೂರು ಬಣ್ಣದ ದೀಪಗಳೂ ಸಿಗುತ್ತವೆ.

ಡೌನ್‌ಲೈಟ್ ಹಾಕಿಸಿದ ಮೇಲೆ ಕೋಣೆ ಮಿನುಗಿದಂತೆ ಆಗುತ್ತದೆ, ತಲೆ ತಿರುಗುತ್ತದೆ. ದೀಪ ಕೆಟ್ಟಿದೆಯೇ?

ದೀಪ ಕೆಟ್ಟಿಲ್ಲ, ಫ್ಯಾನಿನ ರೆಕ್ಕೆ ಬೆಳಕನ್ನು ಕತ್ತರಿಸುತ್ತಿದೆ. ಮಲಗಿ ನೋಡಿದರೆ ಗೋಡೆಯ ಮೇಲೆ ನೆರಳು ಓಡುವುದು ಕಾಣುತ್ತದೆ. ವರ್ಷದಲ್ಲಿ ಹತ್ತು ತಿಂಗಳು ಫ್ಯಾನ್ ತಿರುಗುವ ಊರು ನಮ್ಮದು. ಹೊರಗಿನ ಚಿತ್ರಗಳನ್ನು ನೋಡಿ ಛಾವಣಿಯ ನಕ್ಷೆ ಮಾಡಿಸಿಕೊಂಡವರ ಮನೆಯಲ್ಲಿ ಈ ತಪ್ಪು ಖಂಡಿತ ಇರುತ್ತದೆ.

ಲೆಕ್ಕ ಸುಲಭ. ಸಾಮಾನ್ಯ ಫ್ಯಾನ್ 1200 ಮಿಲಿಮೀಟರ್, ಅಂದರೆ ಮಧ್ಯದಿಂದ ರೆಕ್ಕೆಯ ತುದಿಗೆ ಎರಡು ಅಡಿ. ಛಾವಣಿಯಿಂದ ಒಂದು ಅಡಿ ಕೆಳಗೆ ತಿರುಗುತ್ತದೆ ಎಂದುಕೊಳ್ಳಿ. ಫ್ಯಾನಿನ ಮಧ್ಯದಿಂದ ಮೂರೂವರೆ ಅಡಿ ದೂರದಲ್ಲಿ 60 ಡಿಗ್ರಿ ಹರಡುವ ಡೌನ್‌ಲೈಟ್ ಇಟ್ಟರೆ, ರೆಕ್ಕೆಯ ಮಟ್ಟಕ್ಕೆ ಬರುವಾಗ ಅದರ ಬೆಳಕು ಒಳಗಡೆಗೆ ಏಳು ಇಂಚು ಮಾತ್ರ ಚಾಚಿರುತ್ತದೆ. ರೆಕ್ಕೆಗೆ ತಾಗುವುದಿಲ್ಲ. ಅದೇ ಜಾಗದಲ್ಲಿ 120 ಡಿಗ್ರಿ ಹರಡುವ ಚಪ್ಪಟೆ ಪ್ಯಾನೆಲ್ ಹಾಕಿದರೆ ಬೆಳಕು ಇಪ್ಪತ್ತೊಂದು ಇಂಚು ಚಾಚಿ ರೆಕ್ಕೆಯ ತುದಿಗೆ ಸಿಕ್ಕಿಬೀಳುತ್ತದೆ. ಆದ್ದರಿಂದ ಫ್ಯಾನಿನ ಹತ್ತಿರ ಕಿರಿದಾಗಿ ಹರಡುವ, ಬಲ್ಬ್ ಒಳಗೆ ಹುದುಗಿರುವ ಡೌನ್‌ಲೈಟ್ ತೆಗೆದುಕೊಳ್ಳಿ.

ಇನ್ನೊಂದು ಮಾತು: ದಿಂಬಿನ ನೇರ ಮೇಲೆ ಡೌನ್‌ಲೈಟ್ ಬೇಡ, ಎಷ್ಟೇ ಅಂದವಾಗಿರಲಿ. ಕಾಲ ಕಡೆ, ಅಲಮಾರಿಯ ಮುಂದೆ, ಬಾಗಿಲ ಹತ್ತಿರ ಇಡಿ. ಈಗಾಗಲೇ ತಪ್ಪಾಗಿದ್ದರೆ ಫ್ಯಾನಿನ ಹತ್ತಿರದ ದೀಪಗಳನ್ನು ಬೇರೆ ಸ್ವಿಚ್ಚಿಗೆ ಬಿಡಿಸಿಕೊಂಡು, ರಾತ್ರಿ ಗೋಡೆಯ ದೀಪಗಳನ್ನು ಮಾತ್ರ ಬಳಸಿ.

ಫಾಲ್ಸ್ ಸೀಲಿಂಗ್ ಇಲ್ಲದೆ ಇದೆಲ್ಲ ಆಗುತ್ತದೆಯೇ?

ಆಗುತ್ತದೆ. ಗೋಡೆಯ ಮೇಲೆ ಏಳು ಅಡಿ ಎತ್ತರದಲ್ಲಿ ಮೇಲಕ್ಕೆ ಮುಖ ಮಾಡಿದ ಎರಡು ದೀಪ ಹಾಕಿ, ಬಿಳಿ ಸುಣ್ಣದ ಛಾವಣಿಯೇ ನಿಮ್ಮ ದೀಪವಾಗುತ್ತದೆ. ಅಲಮಾರಿಯ ತಲೆಯ ಮೇಲೆ, ಮುಂಭಾಗದಿಂದ ಒಳಕ್ಕೆ ಸರಿಸಿ ಒಂದು ಚಿಕ್ಕ ಟ್ಯೂಬ್ ಇಟ್ಟರೂ ಅದೇ ಪರಿಣಾಮ. ಫಾಲ್ಸ್ ಸೀಲಿಂಗ್ ಹಣವನ್ನು ಉಳಿಸಿ ಒಳ್ಳೆಯ ದೀಪ ಕೊಳ್ಳಿ ಎಂದೇ ನಾನು ಹೇಳುವುದು. ಛಾವಣಿ ಹತ್ತು ಅಡಿಗಿಂತ ಕಡಿಮೆಯಿದ್ದರಂತೂ ಅದು ಕೋಣೆಯನ್ನು ಕುಗ್ಗಿಸುತ್ತದೆ.

ಫಾಲ್ಸ್ ಸೀಲಿಂಗ್ ಅಂಚಿನಲ್ಲಿ ಸ್ಟ್ರಿಪ್ ಲೈಟ್ ಹಾಕಿಸಿದ್ದೆವು. ಒಂದು ಬೇಸಿಗೆಗೆ ಹೋಯಿತು. ಯಾಕೆ?

ಸ್ಟ್ರಿಪ್ ಹೋಗಿರಲಿಕ್ಕಿಲ್ಲ, ಡ್ರೈವರ್, ಅಂದರೆ ಮನೆಯ ಕರೆಂಟನ್ನು ಸ್ಟ್ರಿಪ್‌ಗೆ ಹೊಂದುವಂತೆ ಇಳಿಸಿಕೊಡುವ ಡಬ್ಬಿ ಹೋಗಿರುತ್ತದೆ. ಮೇಲಂತಸ್ತಿನ ಸ್ಲ್ಯಾಬ್ ಇಡೀ ದಿನ ಕಾದು, ಸ್ಲ್ಯಾಬಿಗೂ ಫಾಲ್ಸ್ ಸೀಲಿಂಗಿನ ಪಿಒಪಿಗೂ ನಡುವಿನ ಗಾಳಿ ಒಲೆಯಂತಾಗಿರುತ್ತದೆ. ಡ್ರೈವರ್ ಒಳಗಿನ ಕೆಪಾಸಿಟರ್‌ಗೆ ಶಾಖವೇ ಶತ್ರು. ಹತ್ತು ಡಿಗ್ರಿ ಏರಿದಂತೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ನಮ್ಮ ಕೆಲಸದವರ ಲೆಕ್ಕ. ನಾನು ಡ್ರೈವರನ್ನು ಪಿಒಪಿ ಮೇಲೆ ಇಡುವುದನ್ನು ಬಿಟ್ಟಿದ್ದೇನೆ. ಅಲಮಾರಿಯ ಮೇಲೆ, ಗಾಳಿಯಾಡುವ ತೆರೆದ ಡಬ್ಬಿಯಲ್ಲಿಟ್ಟರೆ ಬದಲಿಸುವುದೂ ಸುಲಭ. 60 ವಾಟ್ ಬೇಕಾದಲ್ಲಿ 100 ವಾಟ್‌ನ ಡ್ರೈವರ್ ಹಾಕಿದರೆ ಅದು ತಣ್ಣಗೆ ದುಡಿಯುತ್ತದೆ.

ಸ್ಟ್ರಿಪ್ ಕೊಳ್ಳುವಾಗ ಚುಕ್ಕೆ ಚುಕ್ಕೆ ಕಾಣದ ದಟ್ಟ ಪಟ್ಟಿಯನ್ನು, ಅಲ್ಯೂಮಿನಿಯಂ ಪಟ್ಟಿಯೊಳಗೆ ಕೂರಿಸುವಂಥದ್ದನ್ನು ಆರಿಸಿ. 12 ವೋಲ್ಟ್‌ನದು ಐದು ಮೀಟರ್ ದಾಟಿದರೆ ಕೊನೆಯಲ್ಲಿ ಮಂಕಾಗುತ್ತದೆ, ಉದ್ದ ಹೆಚ್ಚಿದ್ದರೆ 24 ವೋಲ್ಟ್‌ನದು. ಅಂಚಿಗೂ ಛಾವಣಿಗೂ ನಡುವೆ ಐದಾರು ಇಂಚು ಜಾಗ ಬಿಡದಿದ್ದರೆ ಬೆಳಕು ಹರಡದೆ ಒಂದು ಗೆರೆಯಾಗಿ ನಿಲ್ಲುತ್ತದೆ.

ಮಲಗಿ ಓದುವ ಅಭ್ಯಾಸವಿದೆ. ದೀಪ ಎಷ್ಟು ಎತ್ತರದಲ್ಲಿರಬೇಕು?

ಗಾದಿಯ ಮೇಲ್ಮೈಯಿಂದ ಸುಮಾರು ಎರಡು ಅಡಿ ಮೇಲೆ, ಭುಜದಿಂದ ಸ್ವಲ್ಪ ಪಕ್ಕಕ್ಕೆ. ವೈರಿಂಗ್ ಮಾಡುವವರು ಗೋಡೆ ದೀಪದ ಪಾಯಿಂಟನ್ನು ಅಭ್ಯಾಸಬಲದಿಂದ ಆರೂವರೆ ಅಡಿಗೆ ಬಿಟ್ಟುಬಿಡುತ್ತಾರೆ. ಅಲ್ಲಿಂದ ಬಂದ ಬೆಳಕು ಪುಸ್ತಕದ ಬದಲು ನೆತ್ತಿಯ ಮೇಲೆ ಬೀಳುತ್ತದೆ, ನಿಮ್ಮ ತಲೆಯ ನೆರಳೇ ಪುಟದ ಮೇಲೆ ಕೂರುತ್ತದೆ. ಸರಿಯಾದ ಎತ್ತರ ಹೀಗೆ ಗೊತ್ತಾಗುತ್ತದೆ: ದಿಂಬಿಗೆ ಒರಗಿ ಕುಳಿತುಕೊಳ್ಳಿ, ದೀಪದ ಮುಚ್ಚಳದ ಕೆಳ ಅಂಚು ನಿಮ್ಮ ಕಣ್ಣಿನ ಮಟ್ಟಕ್ಕೆ ಬರಲಿ. ಬಲ್ಬ್ ಕಾಣಬಾರದು, ಪುಟ ಕಾಣಬೇಕು.

ಬಗ್ಗುವ ಕತ್ತಿನ, 5 ವಾಟ್‌ನ, ಕಿರಿದಾಗಿ ಹರಡುವ ದೀಪವಾದರೆ ಒಬ್ಬರು ಓದುವಾಗ ಪಕ್ಕದವರ ನಿದ್ದೆ ಕೆಡುವುದಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಬೇರೆ ಬೇರೆ ದೀಪ, ಬೇರೆ ಬೇರೆ ಸ್ವಿಚ್. ತೂಗುವ ದೀಪ ಚಂದ ಕಾಣುತ್ತದೆ, ಆದರೆ ಫ್ಯಾನಿನ ಗಾಳಿಗೆ ತೂಗಾಡುತ್ತದೆ. ತೂಕವಿರುವ ಮುಚ್ಚಳದ್ದನ್ನೇ ಆರಿಸಿ.

ಸೊಳ್ಳೆಪರದೆ ಕಟ್ಟುವ ಮನೆಯಾದರೆ ಪರದೆ ಕಟ್ಟಿಯೇ ಅಳತೆ ತೆಗೆಯಿರಿ. ಹೊರಗಿನಿಂದ ಬಂದ ಬೆಳಕು ಬಿಳಿ ಪರದೆಯನ್ನೇ ಬೆಳಗಿ, ಒಳಗೆ ಮಂಜು ಕವಿದಂತೆ ಮಾಡುತ್ತದೆ. ದೀಪದ ಕತ್ತು ಪರದೆಗೆ ಹತ್ತಿರ ಬಂದು, ಬಟ್ಟೆಗೆ ತಾಗದಷ್ಟು ದೂರ ನಿಲ್ಲಬೇಕು.

ನಮ್ಮದು ಹಳೆಯ ಮನೆ. ದಪ್ಪ ಗೋಡೆ, ತೊಲೆ ಜಂತಿ, ಗೋಡೆಯಲ್ಲಿ ಗೂಡುಗಳಿವೆ. ಕೆಡವದೆ ಏನು ಮಾಡಬಹುದು?

ದಯವಿಟ್ಟು ಗೂಡು ಮುಚ್ಚಬೇಡಿ. ಹೊಸ ಮನೆಯವರು ಹಣ ಕೊಟ್ಟು ಮಾಡಿಸಿಕೊಳ್ಳುವ ಮೆರುಗಿನ ಬೆಳಕಿನ ಜಾಗ ನಿಮಗೆ ಪುಕ್ಕಟೆಯಾಗಿ ಸಿಕ್ಕಿದೆ. ಗೂಡಿನ ಮೇಲ್ಭಾಗದಲ್ಲಿ, ಮುಂದಿನ ಅಂಚಿನ ಹಿಂದೆ ಒಂದು ಗೇಣುದ್ದದ ಹಳದಿ ಪಟ್ಟಿ ಕೂರಿಸಿದರೆ ಸಾಕು.

ಅದರಲ್ಲಿ ಇಡಲು ಬಿದರಿ ಹೂಜಿಗಿಂತ ಒಳ್ಳೆಯ ವಸ್ತು ನಮ್ಮ ಸೀಮೆಯಲ್ಲಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಎಳೆ ಕೂರಿಸಿ, ಬೀದರ ಕೋಟೆಯ ಮಣ್ಣು ಸೇರಿಸಿದ ದ್ರಾವಣದಿಂದ ಮೈ ಕಪ್ಪಾಗಿಸುತ್ತಾರೆ. ಆ ಕಪ್ಪು ಮಿನುಗುವುದಿಲ್ಲ, ಬೆಳ್ಳಿ ಮಾತ್ರ ಮಿನುಗುತ್ತದೆ. ಎದುರಿನಿಂದ ಬೆಳಕು ಬಿಟ್ಟರೆ ಬೆಳ್ಳಿಯಲ್ಲಿ ಬಲ್ಬಿನ ಪ್ರತಿಬಿಂಬ ಕಂಡು ಕುಸುರಿ ಮರೆಯಾಗುತ್ತದೆ. ಮೇಲಿನಿಂದ ಇಲ್ಲವೇ ಬದಿಯಿಂದ ಓರೆಯಾಗಿ ಬಿಟ್ಟು ನೋಡಿ: ಹೂಬಳ್ಳಿ ಒಂದೊಂದಾಗಿ ಎದ್ದು ಬರುತ್ತದೆ. ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಕೂರಿಸಿದ ಮುತ್ತಿನ ಚಿಪ್ಪನ್ನು ನೋಡಿದವರಿಗೆ ಇದು ಗೊತ್ತು. ನಾವು ಹೆಜ್ಜೆ ಸರಿಸಿದಂತೆ ಅದರ ಹೊಳಪೂ ಸರಿಯುತ್ತದೆ.

ಕಲ್ಲಿನ ಗೋಡೆಯಿದ್ದರೆ ಗೋಡೆಯಿಂದ ಆರೇಳು ಇಂಚು ದೂರದಲ್ಲಿ ದೀಪವಿಟ್ಟು, ಬೆಳಕು ಗೋಡೆಯನ್ನು ಸವರಿಕೊಂಡು ಹೋಗುವಂತೆ ಮಾಡಿ. ಉಳಿಯ ಗುರುತುಗಳೆಲ್ಲ ಕಾಣುತ್ತವೆ. ಪುಟ್ಟಿ ಹಚ್ಚಿದ ನುಣುಪು ಗೋಡೆಗೆ ಮಾತ್ರ ಹೀಗೆ ಮಾಡಬೇಡಿ, ಕೈಕೆಲಸದ ಏರುತಗ್ಗುಗಳೂ ಕಾಣಿಸಿಕೊಳ್ಳುತ್ತವೆ. ಹಳೆಯ ಮನೆಯಲ್ಲಿ ಮೊದಲು ವೈರ್ ಬದಲಿಸಿ, ಅರ್ಥಿಂಗ್ ಮಾಡಿಸಿ, ಆಮೇಲೆ ದೀಪ. ಮರದ ತೊಲೆಯ ಮೇಲೆ ಬಟ್ಟೆ ಸುತ್ತಿದ ಹಳೆಯ ವೈರ್ ಹರಿದಿರುವುದನ್ನು ಈಗಲೂ ಕಾಣುತ್ತೇನೆ.

ಮನೆಯಲ್ಲಿ ವಯಸ್ಸಾದವರಿದ್ದಾರೆ. ರಾತ್ರಿ ಎದ್ದಾಗ ಎಡವುತ್ತಾರೆ.

ಎರಡು ವಿಷಯ ತಿಳಿದಿರಲಿ. ಅರವತ್ತು ವರ್ಷದವರ ಕಣ್ಣಿನ ಪರದೆಗೆ ತಲುಪುವ ಬೆಳಕು ಇಪ್ಪತ್ತು ವರ್ಷದವರಿಗೆ ತಲುಪುವುದರ ಮೂರನೇ ಒಂದು ಭಾಗದಷ್ಟು ಮಾತ್ರ. ಜೊತೆಗೆ ದೀಪದ ಝಳಪು ಅವರಿಗೆ ಹೆಚ್ಚು ನೋವು ಕೊಡುತ್ತದೆ. ಅಂದರೆ ಬೆಳಕು ಹೆಚ್ಚು ಬೇಕು, ದೀಪ ಕಾಣಬಾರದು.

ರಾತ್ರಿಗೆ ನೆಲದಿಂದ ಒಂದು ಅಡಿ ಎತ್ತರದಲ್ಲಿ, ಕೆಳಮುಖವಾಗಿ, ಮಂಚದಿಂದ ಬಚ್ಚಲಿನ ಬಾಗಿಲವರೆಗೆ ಎರಡು ಅಥವಾ ಮೂರು ಸಣ್ಣ ಹಳದಿ ದೀಪಗಳು. ಕಾಲು, ಚಪ್ಪಲಿ, ಹೊಸ್ತಿಲು ಕಾಣುತ್ತವೆ. ಮುಖಕ್ಕೆ ಬೆಳಕು ಬಡಿಯುವುದಿಲ್ಲ. ಮನುಷ್ಯರ ಸುಳಿವಿಗೆ ಹತ್ತುವ ಸೆನ್ಸರ್ ದೀಪಗಳೂ ಇವಕ್ಕೆ ಹೊಂದುತ್ತವೆ. ಅವ್ವನ ಕೋಣೆಗೆ ನಾನು ಮಾಡಿದ್ದು ಇದನ್ನೇ. ಹೊಸ್ತಿಲಿನ ಅಂಚಿಗೆ ಒಂದು ಬಿಳಿ ಪಟ್ಟಿಯನ್ನೂ ಬಳಿದೆ, ಫರಸಿಯ ಬಣ್ಣವೂ ಹೊಸ್ತಿಲ ಬಣ್ಣವೂ ಒಂದೇ ಇದ್ದುದರಿಂದ.

ಝೀರೋ ಬಲ್ಬ್ ಸಾಲದೇ? ಅದಕ್ಕೆ ಕರೆಂಟ್ ಹತ್ತುವುದೇ ಇಲ್ಲವಲ್ಲ?

ಹತ್ತುತ್ತದೆ. ಹೆಸರು ಝೀರೋ, ತಿನ್ನುವುದು ಸುಮಾರು 15 ವಾಟ್. ಹಳೆಯ ಮೀಟರುಗಳು ಅಷ್ಟು ಸಣ್ಣ ಬಳಕೆಯನ್ನು ಎಣಿಸದೆ ಬಿಡುತ್ತಿದ್ದುದರಿಂದ ಆ ಹೆಸರು ನಿಂತಿತು. ಎಂಟು ಗಂಟೆ ಉರಿದರೆ ಒಂದು ರಾತ್ರಿಗೆ 0.12 ಯೂನಿಟ್. ಅರ್ಧ ವಾಟ್‌ನ ಎಲ್‌ಇಡಿ ರಾತ್ರಿ ದೀಪ ಅಷ್ಟನ್ನು ತಿನ್ನಲು ಒಂದು ತಿಂಗಳು ಬೇಕು. ಬಣ್ಣ ಕೆಂಪೋ ಹಳದಿಯೋ ಇರಲಿ, ನೀಲಿ ಹಸಿರು ಬೇಡ.

ಮಗ ಅದೇ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಾನೆ.

ಅವನ ಮೇಜಿಗೆ ಬೇರೆ ದೀಪ ಕೊಡಿ, 4000 ಕೆಲ್ವಿನ್, 8 ರಿಂದ 10 ವಾಟ್. ಬಲಗೈಯಲ್ಲಿ ಬರೆಯುವವರಿಗೆ ಎಡಗಡೆ, ಎಡಗೈಯವರಿಗೆ ಬಲಗಡೆ. ಇಲ್ಲದಿದ್ದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುತ್ತದೆ. ಕತ್ತಲ ಕೋಣೆಯಲ್ಲಿ ಮೇಜಿನ ದೀಪ ಒಂದೇ ಹಚ್ಚಿಕೊಂಡು ಓದಿದರೆ ಕಣ್ಣು ಬೇಗ ದಣಿಯುತ್ತದೆ, ಹರಡು ಬೆಳಕೂ ಸ್ವಲ್ಪ ಇರಲಿ. ಓದು ಮುಗಿದ ಮೇಲೆ ಮಲಗುವ ಮುನ್ನ ಅರ್ಧ ಗಂಟೆಯಾದರೂ ಹಳದಿ ದೀಪದಲ್ಲಿ ಕೂರಲಿ.

ಕನ್ನಡಿಗೆ ದೀಪ ಮೇಲಿರಬೇಕೋ ಪಕ್ಕದಲ್ಲೋ?

ಎರಡೂ ಪಕ್ಕದಲ್ಲಿ, ಮುಖದ ಮಟ್ಟದಲ್ಲಿ. ಮೇಲಿದ್ದರೆ ಕಣ್ಣಿನ ಕೆಳಗೆ ನೆರಳು. ಕನ್ನಡಿ ಮತ್ತು ಅಲಮಾರಿಯ ದೀಪಕ್ಕೆ ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಳತೆ) 90 ಅಥವಾ ಹೆಚ್ಚು ಬರೆದಿರುವುದನ್ನು ಕೊಳ್ಳಿ, ಇಳಕಲ್ ಸೀರೆಯ ದಡಿಯ ಕೆಂಪು ಕೆಂಪಾಗಿಯೇ ಕಾಣುತ್ತದೆ.

ಸ್ವಿಚ್ ಎಲ್ಲೆಲ್ಲಿ ಇರಬೇಕು?

ಹರಡು ಬೆಳಕಿಗೆ ಎರಡು ಕಡೆ: ಬಾಗಿಲ ಪಕ್ಕ ಒಂದು, ದಿಂಬಿನ ಪಕ್ಕ ಒಂದು. ಮೆಟ್ಟಿಲಿಗೆ ಹಾಕುವ ಟು-ವೇ ಸ್ವಿಚ್ಚೇ ಇದು. ದೀಪ ಆರಿಸಿ ಕತ್ತಲಲ್ಲಿ ತಡಕಾಡುತ್ತ ಮಂಚಕ್ಕೆ ಬರುವ ಕಷ್ಟ ತಪ್ಪುತ್ತದೆ. ಓದುವ ದೀಪ, ರಾತ್ರಿ ದೀಪ, ಫ್ಯಾನ್ ಇವು ಇನ್ವರ್ಟರ್ ಲೈನಿನಲ್ಲಿರಲಿ. ಸ್ಟ್ರಿಪ್ ಬೇಡ.

ಬೆಳಕು ಏರಿಸಿ ಇಳಿಸುವ ಡಿಮ್ಮರ್ ಹಾಕಿಸಬಹುದೇ?

ಹಾಕಿಸಿ, ಹಣ ಕೊಟ್ಟದ್ದು ಸಾರ್ಥಕವಾಗುವ ಸಾಧನ ಅದು. ಆದರೆ ದೀಪದ ಡಬ್ಬಿಯ ಮೇಲೆ ‘ಡಿಮ್ಮಬಲ್’ ಎಂದು ಬರೆದಿರಲೇಬೇಕು, ಡಿಮ್ಮರ್ ಎಲ್‌ಇಡಿಗೆಂದೇ ಮಾಡಿದ್ದಾಗಿರಬೇಕು. ಹಳೆಯ ಫ್ಯಾನ್ ರೆಗ್ಯುಲೇಟರಿಗೆ ಎಲ್‌ಇಡಿ ಕಟ್ಟಿದರೆ ಮಿನುಗಿ ಮಿನುಗಿ ಸಾಯುತ್ತದೆ. ಕೊಳ್ಳುವ ಮುನ್ನ ಅಂಗಡಿಯಲ್ಲಿ ದೀಪ ಹಚ್ಚಿಸಿ ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ದಟ್ಟವಾಗಿ ಓಡಿದರೆ ಬೇರೆಯದು ಕೇಳಿ.

ಬೇಸಿಗೆಯಲ್ಲಿ ಕಿಟಕಿಗೆ ಕೂಲರ್ ಇಟ್ಟರೆ ಹಗಲಿನಲ್ಲೂ ಕತ್ತಲೆ. ಏನು ಉಪಾಯ?

ಮಾರ್ಚ್‌ನಿಂದ ಜೂನ್ ತನಕ ಅರ್ಧ ಊರಿನ ಮಲಗುವ ಕೋಣೆಗಳ ಸ್ಥಿತಿ ಇದು. ಕೂಲರನ್ನು ಕಿಟಕಿಯ ಕೆಳಭಾಗಕ್ಕೆ ಹೊಂದಿಸಿ ಮೇಲಿನ ಒಂದು ಅಡಿಯನ್ನಾದರೂ ಗಾಜಿಗೆ ಬಿಡಿ. ಕಿಟಕಿಯ ಮೇಲ್ಭಾಗದಿಂದ ಬರುವ ಬೆಳಕೇ ಕೋಣೆಯ ಆಳಕ್ಕೆ ಹೋಗುತ್ತದೆ. ಎದುರು ಗೋಡೆಗೆ ತೆಳು ಬಣ್ಣ ಇರಲಿ. ಕೂಲರಿನ ಒದ್ದೆ ಗಾಳಿ ನೇರವಾಗಿ ಸ್ವಿಚ್ ಬೋರ್ಡಿಗೋ ಲೋಹದ ದೀಪಕ್ಕೋ ಬಡಿಯದಂತೆ ನೋಡಿಕೊಳ್ಳಿ, ಲೋಹದ ದೀಪಗಳಿಗೆಲ್ಲ ಹಸಿರು ವೈರಿನ ಅರ್ಥಿಂಗ್ ಕೊಡಿಸಿ. ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ದೀಪದ ಮಾತು ಪಕ್ಕಕ್ಕಿಟ್ಟು ಮೊದಲು ಅದನ್ನು ಹಾಕಿಸಿ. ಅದು ಜೀವ ಉಳಿಸುತ್ತದೆ.

ಮಳೆಗಾಲದಲ್ಲಿ ಈಸಲು ಹುಳ ದೀಪಕ್ಕೆ ಮುತ್ತುತ್ತವೆ.

ಮೃಗಶಿರಾ ಮಳೆ ಬಿದ್ದ ಸಂಜೆ ಇದು ಸಹಜ. ಹುಳಗಳ ಕಣ್ಣಿಗೆ ನೀಲಿ ಬೆಳಕು ಚೆನ್ನಾಗಿ ಕಾಣುತ್ತದೆ, ಹಳದಿಗೆ ಬರುವುದು ಕಡಿಮೆ. ಮೇಲೆ ತೆರೆದ ಬಟ್ಟಲಿನಂಥ ದೀಪ ಬೇಡ. ಹುಳವೂ ಧೂಳೂ ಅದರಲ್ಲೇ ತುಂಬಿ ಬೆಳಕು ಅರ್ಧವಾಗುತ್ತದೆ.

ಇಷ್ಟೊಂದು ದೀಪ ಹಾಕಿದರೆ ಗೃಹಜ್ಯೋತಿಯ 200 ಯೂನಿಟ್ ದಾಟುವುದಿಲ್ಲವೇ?

ಲೆಕ್ಕ ಹಾಕೋಣ. 20 ವಾಟ್‌ನ ಟ್ಯೂಬ್ ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 3 ಯೂನಿಟ್. 5 ವಾಟ್‌ನ ಎರಡು ಓದುವ ದೀಪ ದಿನಕ್ಕೆ ಎರಡು ಗಂಟೆ ಉರಿದರೆ ಒಂದು ಯೂನಿಟ್ ಕೂಡ ಆಗುವುದಿಲ್ಲ. ನಿಜವಾಗಿ ತಿನ್ನುವುದು ಸ್ಟ್ರಿಪ್. ಮೀಟರಿಗೆ 10 ವಾಟ್‌ನ ಪಟ್ಟಿ ಹತ್ತು ಮೀಟರ್ ಹಾಕಿದರೆ 100 ವಾಟ್, ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ 12 ಯೂನಿಟ್. 5 ವಾಟ್‌ನ ಪಟ್ಟಿಯೇ ಮಲಗುವ ಕೋಣೆಗೆ ಸಾಕು. ಗೃಹಜ್ಯೋತಿಯಲ್ಲಿ ನಿಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ಮಿತಿ ಗೊತ್ತುಮಾಡಿರುತ್ತಾರೆ. ಮಿತಿಗಿಂತ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ, 200 ದಾಟಿದರೆ ಪೂರ್ತಿ ಬಿಲ್ಲಿಗೆ ಹಣ ಕಟ್ಟಬೇಕು. ಜೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮಿತಿ ನೋಡಿಕೊಳ್ಳಿ. ದಾಟಿಸುವುದು ಸಾಮಾನ್ಯವಾಗಿ ಎ.ಸಿ., ಗೀಸರ್, ದೀಪಗಳಲ್ಲ.

ಬಲ್ಬ್ ಬೇಗ ಬೇಗ ಹೋಗುತ್ತವೆ. ಯಾವುದು ಕೊಳ್ಳಬೇಕು?

ಬಿಐಎಸ್ ಗುರುತು ಮತ್ತು ಐಎಸ್ 16102 ಎಂಬ ಸಂಖ್ಯೆ ಇರುವುದನ್ನು ಕೊಳ್ಳಿ. ಡಬ್ಬಿಯ ಮೇಲೆ ವೋಲ್ಟೇಜ್ ವ್ಯಾಪ್ತಿ ದೊಡ್ಡದಿರಲಿ, ಎಷ್ಟು ಕಿಲೋವೋಲ್ಟ್ ಏರಿಳಿತ ತಡೆಯುತ್ತದೆ ಎಂದೂ ಬರೆದಿರಲಿ. ಒಂದೇ ಸಂಜೆ ನಾಲ್ಕೈದು ದೀಪ ಒಟ್ಟಿಗೆ ಹೋದರೆ ದೀಪಗಳನ್ನು ಬೈಯಬೇಡಿ. ನ್ಯೂಟ್ರಲ್ ಸಡಿಲಾಗಿದೆಯೇ ನೋಡಿಸಿ. ಬಾಯಿ ಮುಚ್ಚಿದ ಗಾಜಿನ ಗುಂಡಿನೊಳಗೆ ದೊಡ್ಡ ವಾಟ್‌ನ ಬಲ್ಬ್ ಹಾಕಿದರೂ ಶಾಖಕ್ಕೆ ಆಯುಷ್ಯ ಕಡಿಮೆಯಾಗುತ್ತದೆ.

ಹಣ ಕಡಿಮೆ ಇದೆ. ಯಾವುದರಿಂದ ಶುರು ಮಾಡಲಿ?

ದಿಂಬಿನ ಪಕ್ಕದ ಒಂದು ಹಳದಿ ದೀಪದಿಂದ. ಪ್ಲಗ್‌ಗೆ ಹಾಕುವ ಸಾದಾ ಟೇಬಲ್ ಲ್ಯಾಂಪ್ ಆದರೂ ಸರಿ, ಗೋಡೆ ಕೊರೆಯಬೇಕಾಗಿಲ್ಲ. ರಾತ್ರಿ ಊಟವಾದ ಮೇಲೆ ಟ್ಯೂಬ್ ಆರಿಸಿ ಅದೊಂದನ್ನೇ ಹಚ್ಚಿ, ಹದಿನೈದು ದಿನ ನೋಡಿ. ಮುಂದಿನದು ಏನು ಬೇಕೆಂದು ನಿಮಗೇ ಹೊಳೆಯುತ್ತದೆ. ನಂತರ ನೆಲದ ಹತ್ತಿರದ ರಾತ್ರಿ ದೀಪ. ಸ್ಟ್ರಿಪ್ ಎಲ್ಲಕ್ಕಿಂತ ಕೊನೆಗೆ.

ಮನೆ ಕಟ್ಟುತ್ತಿದ್ದೇವೆ. ಪಾಯಿಂಟ್ ಗುರುತು ಹಾಕುವ ದಿನ ನಾವು ಏನು ಮಾಡಬೇಕು?

ಸ್ಲ್ಯಾಬ್ ಹಾಕುವ ಮೊದಲೇ ಫ್ಯಾನಿನ ಜಾಗ ಗೊತ್ತಿರಬೇಕು, ಗೋಡೆ ಕೊರೆಯುವ ಮೊದಲು ಮಂಚದ ಜಾಗ. ಆ ದಿನ ಇಬ್ಬರೂ ಬನ್ನಿ, ಗಂಡಸರು ಮಾತ್ರ ಬಂದು ಹೋಗುವುದು ಬೇಡ. ಸುಣ್ಣದಿಂದ ನೆಲದ ಮೇಲೆ ಮಂಚ, ಅಲಮಾರಿ, ಬಾಗಿಲು ತೆರೆದುಕೊಳ್ಳುವ ದಿಕ್ಕು ಎಲ್ಲವನ್ನೂ ಬರೆಯಿರಿ. ಆಮೇಲೆ ಮಲಗಿ.

ಸೇಡಂ ರಸ್ತೆಯ ಒಂದು ಮನೆಯಲ್ಲಿ ಹೀಗೆಯೇ ಮಾಡಿದೆವು. ಗಿಲಾವು ಆಗದ ಇಟ್ಟಿಗೆ ಗೋಡೆ, ನೆಲದ ತುಂಬ ಮರಳು. ಮನೆಯೊಡತಿ ಮೊದಲು ಸಂಕೋಚಪಟ್ಟರು, ಆಮೇಲೆ ಜಮಖಾನ ಹಾಸಿ ಮಲಗಿ ಕಣ್ಣು ಮುಚ್ಚಿಕೊಂಡರು. ‘ಮಗು ಅತ್ತಿತು, ದೀಪ ಹಚ್ಚಿ ಅಕ್ಕಾ’ ಎಂದೆ. ಅವರ ಬಲಗೈ ತಾನಾಗಿ ಹಿಂದಕ್ಕೆ ಚಾಚಿ ಇಟ್ಟಿಗೆಗೆ ತಾಗಿತು. ಬೆರಳ ತುದಿ ಮುಟ್ಟಿದಲ್ಲಿ ಕೆಂಪು ಚಾಕಿನಿಂದ ಒಂದು ಗುಂಡು ಗುರುತು ಹಾಕಿದೆ. ನಕ್ಷೆಯಲ್ಲಿದ್ದ ಜಾಗಕ್ಕಿಂತ ಅದು ಹದಿನಾಲ್ಕು ಇಂಚು ಕೆಳಗಿತ್ತು. ಸ್ವಿಚ್ಚನ್ನು ಅಲ್ಲಿಯೇ ಕೂರಿಸಿದೆವು.